ಇಬ್ಬರೇ ಆಡುವ ಆಟ

ದಸರಾ ರಜೆಗೆಂದು ಬೆಂಗಳೂರಿನಿಂದ ಬಂದ ಮೊಮ್ಮಗ ಬಟ್ಟೆಯ ಚೀಲ ಬಿಚ್ಚುವ ಮೊದಲೇ ಒಂದು ರಟ್ಟಿನ ಪೆಟ್ಟಿಗೆ ಬಿಚ್ಚಿದ. ಒಳಗೆ ಎರಡು ತೆಳು ಪುಸ್ತಕ, ಒಂದಷ್ಟು ಕಾರ್ಡು, ಒಂದು ನಕ್ಷೆ, ಮಡಿಸಿಟ್ಟ ರಟ್ಟಿನ ಅಡ್ಡತೆರೆ, ಜೊತೆಗೆ ನಾನು ಹುಟ್ಟಿದಂದಿನಿಂದ ಕಂಡಿರದಂಥ ದಾಳಗಳು. ನನಗೆ ಗೊತ್ತಿದ್ದದ್ದು ಆರು ಮುಖದ ದಾಳ, ಅದು ಬಿಟ್ಟರೆ ಚೌಕಾಬಾರದ ಕವಡೆ. ಇಲ್ಲಿ ನಾಲ್ಕು ಮುಖದ್ದು, ಎಂಟು ಮುಖದ್ದು, ಹನ್ನೆರಡು ಮುಖದ್ದು, ಕೊನೆಗೆ ನಿಂಬೆಹಣ್ಣಿನ ಹಾಗೆ ಉರುಳಿ ಸೋಫಾದ ಅಡಿಗೆ ಹೋಗಿ ಕೂರುವ ಇಪ್ಪತ್ತು ಮುಖದ್ದು!

"ಅಜ್ಜಿ, ಇದನ್ನ ಆಡಕ್ಕೆ ಜನ ಬೇಕು" ಎಂದ. ಬೆಂಗಳೂರಿನಲ್ಲಿ ಅವನಿಗೆ ಐದು ಜನ ಗೆಳೆಯರಿದ್ದಾರೆ, ಶನಿವಾರ ಶನಿವಾರ ಸೇರುತ್ತಾರೆ. ನಮ್ಮ ಶಿವಮೊಗ್ಗದ ಮನೆಯಲ್ಲಿ ಯಾರಿದ್ದಾರೆ? ಅವನು, ಅವನ ತಂಗಿ ಪುಟ್ಟಿ, ನಾನು. ಅವರ ತಾತನನ್ನು ಕರೆದರೆ ಪೇಪರಿನ ಹಿಂದಿನಿಂದ "ನನ್ನನ್ನ ಬಿಟ್ಬಿಡ್ರಪ್ಪ" ಎಂಬ ದನಿ ಮಾತ್ರ ಬಂತು. ಆಟ ನಡೆಸುವವನು ಮೊಮ್ಮಗನೇ ಆದ್ದರಿಂದ ಆಡುವವರು ಉಳಿದದ್ದು ಇಬ್ಬರೇ. ಹತ್ತು ವರ್ಷದ ಹುಡುಗಿ ಮತ್ತು ಮಂಡಿನೋವಿನ ಅಜ್ಜಿ.

ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಇದರಲ್ಲಿ ಗೆಲ್ಲಲು ಮಣೆಯಿಲ್ಲ, ನಡೆಸಲು ಕಾಯಿಯೂ ಬೇಕೆಂದಿಲ್ಲ. ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಂಡು ಮೇಜಿನ ಸುತ್ತ ಕೂತು ಕಥೆಯನ್ನು ಮಾತಿನಲ್ಲೇ ನಡೆಸುತ್ತಾ ಹೋಗಬೇಕು. ಒಬ್ಬ ಮಾತ್ರ ಪಾತ್ರ ವಹಿಸದೆ ಉಳಿದ ಇಡೀ ಪ್ರಪಂಚವಾಗುತ್ತಾನೆ. ಗುಹೆ, ಮಳೆ, ಊರಿನ ಜನ, ರಾಕ್ಷಸರು ಎಲ್ಲ ಅವನೇ. ಅವನಿಗೆ 'ಡಂಜನ್ ಮಾಸ್ಟರ್' ಎನ್ನುತ್ತಾರೆ. ನಾನು ಅಂದುಕೊಂಡೆ, ಇದು ನಮ್ಮ ತಾಳಮದ್ದಳೆಯ ಸೋದರಸಂಬಂಧಿ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತು. ಆದರೆ ಅಲ್ಲಿ ಕರ್ಣ ಕೊನೆಗೆ ಏನಾಗುತ್ತಾನೆಂದು ಎಲ್ಲರಿಗೂ ಗೊತ್ತು. ಇಲ್ಲಿ ದಾಳ ಬೀಳುವವರೆಗೆ ಆಟ ನಡೆಸುವವನಿಗೂ ಗೊತ್ತಿಲ್ಲ.

ಇದನ್ನು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಪುಸ್ತಕವಾಗಿ ತಂದರು. ಆ ಮೊದಲ ಪುಸ್ತಕದಲ್ಲಿ ಇದ್ದದ್ದು ಮೂರೇ ಬಗೆಯ ಪಾತ್ರ: ಕಾದುವವನು, ಮಂತ್ರ ಬಲ್ಲವನು, ದೇವರ ಹೆಸರಿನಲ್ಲಿ ಗಾಯ ವಾಸಿ ಮಾಡುವವನು. ಬೀಗ ತೆಗೆಯುವ ಕಳ್ಳ ಮರುವರ್ಷ ಬಂದು ಸೇರಿಕೊಂಡ. ಎಷ್ಟು ಜನ ಆಡಬಹುದು ಎಂದರೆ, ಒಂದು ಕಥೆಗೆ ನಾಲ್ಕರಿಂದ ಐವತ್ತು ಜನ ಎಂದು ಅದರಲ್ಲಿ ಬರೆದಿದ್ದರಂತೆ. ಐವತ್ತು! ಮದುವೆ ಮನೆಯೇ ಸರಿ. ಕಾಲಕ್ರಮದಲ್ಲಿ ಅದು ಇಳಿದು ಇಳಿದು ನಾಲ್ಕೈದು ಜನಕ್ಕೆ ಬಂದು ನಿಂತಿದೆ. ಈಗಿನ ಪುಸ್ತಕಗಳ ಲೆಕ್ಕಾಚಾರವೆಲ್ಲ ಸುಮಾರು ನಾಲ್ವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಒಬ್ಬ ಮುಂದೆ ನಿಂತು ಏಟು ತಿನ್ನುತ್ತಾನೆ, ಒಬ್ಬ ದೂರದಿಂದ ಮಂತ್ರ ಬಿಡುತ್ತಾನೆ, ಒಬ್ಬ ಕತ್ತಲಲ್ಲಿ ಸದ್ದಿಲ್ಲದೆ ನಡೆದು ಬೀಗ ತೆಗೆಯುತ್ತಾನೆ, ಒಬ್ಬ ಬಿದ್ದವರನ್ನು ಎಬ್ಬಿಸುತ್ತಾನೆ. ಕೂಡು ಕುಟುಂಬದ ಕೆಲಸದ ಪಾಲು ಇದ್ದ ಹಾಗೆ.

ನಾನು ವೈದ್ಯೆಯಾದೆ, ದುಗ್ಗಮ್ಮ ಎಂದು ಹೆಸರಿಟ್ಟುಕೊಂಡೆ. ಪುಟ್ಟಿ ಕತ್ತಿ ಹಿಡಿದಳು. ಊರಿನವರ ಕುರಿ ಕದ್ದೊಯ್ದ ಕುಳ್ಳ ರಾಕ್ಷಸರನ್ನು ಹುಡುಕಿಕೊಂಡು ಗುಹೆಗೆ ಹೋದೆವು. ಒಳಗೆ ಆರು ಜನ. ಅಷ್ಟೇ ನೋಡಿ. ಪುಟ್ಟಿ ಒಂದು ಏಟು ಹಾಕುವಷ್ಟರಲ್ಲಿ ಅವರು ಆರು ಏಟು ಹಾಕಿದರು. ನನ್ನ ಕೈಯಲ್ಲಿ ದಿನಕ್ಕೆ ಎರಡೇ ಮಂತ್ರ. ಎರಡೂ ಪುಟ್ಟಿಯ ಮೇಲೆಯೇ ಖರ್ಚಾದವು. ಮೂರನೆಯ ಸುತ್ತಿನಲ್ಲಿ ದುಗ್ಗಮ್ಮ ನೆಲಕ್ಕೆ ಬಿದ್ದಳು.

ಈ ಆಟದಲ್ಲಿ ಬಿದ್ದ ಕೂಡಲೇ ಸಾವಿಲ್ಲ. ತನ್ನ ಸರದಿ ಬಂದಾಗಲೆಲ್ಲ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಹತ್ತು ಅಥವಾ ಹೆಚ್ಚು ಬಿದ್ದರೆ ಬದುಕಿನ ಕಡೆಗೊಂದು ಗೆರೆ, ಕಡಿಮೆ ಬಿದ್ದರೆ ಸಾವಿನ ಕಡೆಗೊಂದು ಗೆರೆ. ಯಾವ ಕಡೆ ಮೊದಲು ಮೂರಾಗುತ್ತದೋ ಅದು. ಅಷ್ಟರೊಳಗೆ ಜೊತೆಯವರು ಯಾರಾದರೂ ಬಂದು ಮುಟ್ಟಿ ಆರೈಕೆ ಮಾಡಿದರೆ ಪ್ರಾಣ ಉಳಿಯುತ್ತದೆ. ನಾಲ್ವರಿದ್ದರೆ ಯಾರೋ ಒಬ್ಬರು ಬಂದೇ ಬರುತ್ತಾರೆ. ಇಬ್ಬರಿದ್ದರೆ? ಪುಟ್ಟಿ ಕತ್ತಿ ಬೀಸಬೇಕೋ, ನನ್ನ ಹತ್ತಿರ ಓಡಿಬರಬೇಕೋ? ಕತ್ತಿ ಬಿಟ್ಟು ಬಂದರೆ ಅವಳೂ ಬೀಳುತ್ತಾಳೆ. ಅಲ್ಲಿ ಕೂತು ನಾನು ಅರ್ಥ ಮಾಡಿಕೊಂಡದ್ದು ಇದು: ಕೈ ಕಡಿಮೆಯಾದಾಗ ನಿಜವಾದ ಅಪಾಯ ಬಲ ಸಾಲದ್ದಲ್ಲ, ಬಿದ್ದಾಗ ಎತ್ತುವವರಿಲ್ಲದ್ದು.

ಮೊಮ್ಮಗ ಅಡ್ಡತೆರೆಯ ಹಿಂದೆ ದಾಳ ಉರುಳಿಸಿ, "ರಾಕ್ಷಸರ ಏಟು ತಪ್ಪಿತು" ಎಂದ. ಮತ್ತೆ ಉರುಳಿಸಿ "ಇದೂ ತಪ್ಪಿತು" ಎಂದ. ನಾಲ್ಕು ಸಲ ತಪ್ಪಿದ ಮೇಲೆ ಪುಟ್ಟಿ ಸರಕ್ಕನೆ ಎದ್ದು ತೆರೆಯಾಚೆ ಬಗ್ಗಿ ನೋಡಿದಳು. ದಾಳದ ಮೇಲೆ ಹದಿನೆಂಟು ಇತ್ತು. "ಸುಳ್ಳು ಹೇಳ್ತೀಯಾ! ನಾವು ಸತ್ತಿದ್ವಿ!" ಎಂದು ಅತ್ತಳು. ಅವನಿಗೂ ಕಣ್ಣು ತುಂಬಿತು. "ನಿಮಗೋಸ್ಕರ ಅಲ್ವಾ ಮಾಡಿದ್ದು" ಎಂದ. ಆಟ ಅಲ್ಲಿಗೆ ನಿಂತಿತು.

ರಾತ್ರಿ ಇಬ್ಬರನ್ನೂ ಮಲಗಿಸಿ ಬಂದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಹುಡುಗ ಮಾಡಿದ್ದು ತಪ್ಪೆ? ಕರುಣೆಯಿಂದ ಮಾಡಿದ್ದು. ಹುಡುಗಿ ಅತ್ತದ್ದು ತಪ್ಪೆ? ಬದುಕಿಸಿದವನ ಮೇಲೆ ಸಿಟ್ಟಾದಳು. ಆದರೂ ನನಗೆ ಅವಳ ಕಡೆಯೇ ಹೆಚ್ಚು ನ್ಯಾಯ ಕಂಡಿತು. ಏಕೆಂದರೆ ಆ ಅಡ್ಡತೆರೆಯ ಹಿಂದಿನ ಕರುಣೆಯಲ್ಲಿ ನಾನು ಹಲವು ವರ್ಷ ಬದುಕಿದ್ದೇನೆ.

1979ರಲ್ಲಿ ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಮಧ್ಯಾಹ್ನಕ್ಕೆ ಹನ್ನೊಂದು ಎಲೆ ಹಾಕುತ್ತಿದ್ದೆವು. ಹೆಂಗಸರೇ ಆರು ಜನ: ಅತ್ತೆ, ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅವರ ನಾದಿನಿ, ನನ್ನ ಓರಗಿತ್ತಿ, ಮದುವೆಯಾಗದ ಇಬ್ಬರು ನಾದಿನಿಯರು, ನಾನು. ಮನೆಯ ನಿಯಮಗಳೆಲ್ಲ ಆ ಆರು ಜನಕ್ಕೆ ಹೊಲಿದ ಅಂಗಿ. ಅಡುಗೆ ಮಡಿಯಲ್ಲಿ ಆಗಬೇಕು. ಮಡಿಯವರು ಹೊರಗಿನ ಯಾವುದನ್ನೂ ಮುಟ್ಟಬಾರದು. ಮುಟ್ಟಬಾರದೆಂದರೆ ಏನಂತೆ, ಮುಟ್ಟುವವರು ಇನ್ನು ನಾಲ್ವರಿದ್ದರಲ್ಲ! ಒಬ್ಬರು ಹಾಲು ತೆಗೆದುಕೊಂಡರು, ಒಬ್ಬರು ಮಗುವಿನ ಮೂಗು ಒರೆಸಿದರು. ನವರಾತ್ರಿಯ ಒಂಬತ್ತು ದಿನವೂ ಬೇರೆ ಬೇರೆ ನೈವೇದ್ಯ. ಕೃಷ್ಣಾಷ್ಟಮಿಗೆ ಚಕ್ಲಿ, ಕೋಡುಬಳೆ, ಉಂಡೆಗಳು. ಕಷ್ಟವೆನಿಸಲಿಲ್ಲ ಎಂದರೆ ನಂಬಬೇಕು ನೀವು. ಚಕ್ಲಿ ಒತ್ತುವ ರಾತ್ರಿ ನಕ್ಕಷ್ಟು ನಾನು ಜೀವಮಾನದಲ್ಲಿ ಮತ್ತೆಂದೂ ನಕ್ಕಿಲ್ಲ.

ಆಮೇಲೆ ಒಬ್ಬೊಬ್ಬರೇ ಎದ್ದರು. ನಾದಿನಿಯರು ಮದುವೆಯಾಗಿ ಹೋದರು, ಅತ್ತೆಯ ನಾದಿನಿ ತೀರಿಕೊಂಡರು, 1996ರಲ್ಲಿ ಮೈದುನನಿಗೆ ವರ್ಗವಾಗಿ ಓರಗಿತ್ತಿಯೂ ಹೊರಟಳು. ಉಳಿದವರು ಅರವತ್ತೆಂಟರ ಅತ್ತೆ ಮತ್ತು ನಾನು. ಜನ ಹೋದರೇ ಹೊರತು ನಿಯಮ ಒಂದೂ ಹೋಗಲಿಲ್ಲ. ಯಾರೂ ಕೂತು "ಇನ್ನು ಇದನ್ನು ನೀನು ಮಾಡಬೇಕು" ಎಂದು ನನಗೆ ಹೇಳಲಿಲ್ಲ. ಹೇಳಿದ್ದರೆ ಇಲ್ಲವೆನ್ನಬಹುದಿತ್ತು. ಹೋದವರ ಕೆಲಸ ತಾನಾಗಿ ಬಂದು ಉಳಿದವಳ ಮಡಿಲಲ್ಲಿ ಕೂತುಕೊಂಡಿತು, ಬೆಕ್ಕಿನ ಹಾಗೆ, ಸದ್ದಿಲ್ಲದೆ.

ಅತ್ತೆ ಕೆಟ್ಟವರಲ್ಲ. ಅವರು ನನಗೆ ರಿಯಾಯಿತಿ ಕೊಟ್ಟರು. ಆದರೆ ಹೇಗೆ? ಒಂದು ಕೃಷ್ಣಾಷ್ಟಮಿಯಲ್ಲಿ ನನ್ನ ಕೈಲಿ ಆಗದೆ ಪೇಟೆಯ ಅಂಗಡಿಯಿಂದ ಚಕ್ಲಿ ತರಿಸಿ ಡಬ್ಬಿಗೆ ಸುರಿದೆ. ಅತ್ತೆ ಆ ಹೊತ್ತಿಗೆ ಸರಿಯಾಗಿ ಮುಖ ಅತ್ತ ತಿರುಗಿಸಿ ಬತ್ತಿ ಹೊಸೆಯುತ್ತಾ ಕೂತರು. ನೋಡಿದ್ದಾರೆ ಎಂದು ನನಗೆ ಗೊತ್ತು. ನನಗೆ ಗೊತ್ತಾಗಿದೆ ಎಂದು ಅವರಿಗೂ ಗೊತ್ತು. ಒಂದು ಮಾತಿಲ್ಲ. ಆ ಮಾತಿಲ್ಲದ ಉಪಕಾರ ನನ್ನನ್ನು ಎಷ್ಟು ಕುಗ್ಗಿಸಿತು ಗೊತ್ತೆ? ಪ್ರತಿ ಹಬ್ಬದಲ್ಲೂ ನಾನೊಬ್ಬ ಕಳ್ಳಿ, ಅವರೊಬ್ಬ ದಯಾಳು. ಬೈದಿದ್ದರೆ ಜಗಳವಾಡುತ್ತಿದ್ದೆ. ಬೈಯಲೂ ಇಲ್ಲ, "ಇನ್ನು ಮೇಲೆ ಅಂಗಡಿಯದೇ ಸಾಕು ಬಿಡು" ಎನ್ನಲೂ ಇಲ್ಲ. ಹೀಗಾಗಿ ಮುಂದಿನ ವರ್ಷವೂ ನಿಯಮ ಹಾಗೇ ಇತ್ತು, ತಪ್ಪೂ ಹಾಗೇ ಇತ್ತು.

ಇಪ್ಪತ್ತು ಮುಖದ ದಾಳ ನನಗೆ ಕೊಟ್ಟ ಮೊದಲ ಪಾಠ ಇದು. ಗುಟ್ಟಿನಲ್ಲಿ ಕೊಟ್ಟ ರಿಯಾಯಿತಿ ಕೊಟ್ಟವರ ಸೊತ್ತಾಗಿಯೇ ಉಳಿಯುತ್ತದೆ. ಬಾಯಿಬಿಟ್ಟು ಹೇಳಿ ಬದಲಾಯಿಸಿದ ನಿಯಮ ಮಾತ್ರ ಎಲ್ಲರದಾಗುತ್ತದೆ. ಮೊದಲನೆಯದರಲ್ಲಿ ಪಡೆದವರು ಋಣಿಗಳು, ಎರಡನೆಯದರಲ್ಲಿ ಪಾಲುದಾರರು.

ಮರುದಿನ ಬೆಳಿಗ್ಗೆ ತಿಂಡಿಯಾದ ಮೇಲೆ ನಾನೇ ಮಕ್ಕಳನ್ನು ಕರೆದು ಕೂರಿಸಿದೆ. "ತೆರೆ ಪಕ್ಕಕ್ಕಿಡು. ನಾವಿರೋದು ಇಬ್ಬರು. ಏನು ಮಾಡಬಹುದು, ಪುಸ್ತಕದಲ್ಲಿ ಏನಿದೆ, ಎಲ್ಲ ಹೇಳು" ಎಂದೆ. ಮೊಮ್ಮಗ ಗೆಳೆಯನಿಂದ ಎರವಲು ತಂದ 2014ರ ದಪ್ಪ ಪುಸ್ತಕವನ್ನೂ ತೆಗೆದ. ನೋಡಿದರೆ ನಮ್ಮ ಕಷ್ಟ ಹೊಸದೇನಲ್ಲ. ಐವತ್ತು ವರ್ಷದಿಂದ ಜನ ಇದೇ ಪ್ರಶ್ನೆ ಹಾಕಿಕೊಂಡು ಬಂದಿದ್ದಾರೆ, ಉತ್ತರಗಳನ್ನೂ ಕಂಡುಕೊಂಡಿದ್ದಾರೆ.

ಮೊದಲ ಉತ್ತರ ಎಲ್ಲರಿಗೂ ಹೊಳೆಯುವಂಥದ್ದು: ಒಬ್ಬೊಬ್ಬರು ಎರಡೆರಡು ಪಾತ್ರ ಆಡುವುದು. ನನಗಿದು ಗೊತ್ತು. ತವರಿನಲ್ಲಿ ನಾನೂ ನನ್ನ ಅಕ್ಕನೂ ಇಬ್ಬರೇ ಇದ್ದಾಗ ಚೌಕಾಬಾರದ ನಾಲ್ಕು ಮನೆಯನ್ನೂ ಹಂಚಿಕೊಂಡು ಆಡುತ್ತಿದ್ದೆವು, ಆಳಿಗೆ ಎರಡು ಮನೆ, ಎಂಟು ಕಾಯಿ. ಆದರೆ ಆಡಿದವರಿಗೆ ಗೊತ್ತಿರುತ್ತದೆ, ಎರಡು ಮನೆಯಲ್ಲಿ ಒಂದರ ಮೇಲೇ ಪ್ರೀತಿ. ಇನ್ನೊಂದರ ಕಾಯಿಗಳು ಇದಕ್ಕೆ ದಾರಿ ಬಿಡಲು, ಇದರ ಬದಲು ಹೊಡೆಸಿಕೊಳ್ಳಲು ಮಾತ್ರ. ಪಾತ್ರದ ಆಟದಲ್ಲೂ ಹಾಗೇ ಆಗುತ್ತದಂತೆ. ಒಂದು ಪಾತ್ರ ಮಾತಾಡುತ್ತದೆ, ಇನ್ನೊಂದು ಹಿಂದೆ ಚೀಲ ಹೊತ್ತು ನಡೆಯುತ್ತದೆ. ಮನೆಯೊಳಗೆ ಎರಡು ಪಾತ್ರ ಹೊತ್ತ ಹೆಂಗಸನ್ನೇ ನೋಡಿ. ಸೊಸೆಯಾಗಿ, ತಾಯಿಯಾಗಿ, ಹೋದವರ ಬದಲಿಯಾಗಿ ಎಲ್ಲ ಆಡುತ್ತಾ ಒಂದು ಪಾತ್ರವನ್ನು ಚೀಲ ಹೊರಲು ಬಿಟ್ಟಿರುತ್ತಾಳೆ. ಅದು ಯಾವುದೆಂದು ನಾನು ಹೇಳಬೇಕಿಲ್ಲ.

ಎರಡನೆಯ ಉತ್ತರ ನನ್ನ ಮನಸ್ಸನ್ನು ಹಿಡಿಯಿತು. ಈ ಆಟದ ಮೂರನೆಯ ಆವೃತ್ತಿಯ ಕಾಲದಲ್ಲಿ, 2004ರಲ್ಲಿ ಬಂದ ಒಂದು ಪುಸ್ತಕದಲ್ಲಿ 'ಗೆಸ್ಟಾಲ್ಟ್' ಎಂಬ ಬಗೆಯ ಪಾತ್ರ ಇದೆಯಂತೆ. ಒಂದೇ ಪಾತ್ರ ಎರಡು ವೃತ್ತಿಯನ್ನು ಒಟ್ಟಿಗೆ ಕಲಿಯುತ್ತದೆ, ಕಾದುವವಳೂ ಅವಳೇ, ವೈದ್ಯೆಯೂ ಅವಳೇ. ಆದರೆ ಕೇಳಿ: ಎರಡು ವೃತ್ತಿಯ ಕೆಲಸ ಹೊರಿಸುವಾಗ ಎರಡೂ ವೃತ್ತಿಯ ಬಲವನ್ನೂ ಕೊಡುತ್ತಾರೆ. ಜೀವದ ಲೆಕ್ಕದಲ್ಲಿ, ಏಟು ತಾಳುವುದರಲ್ಲಿ, ಏಟು ಹಾಕುವುದರಲ್ಲಿ ಎರಡರಲ್ಲಿ ಯಾವುದು ಹೆಚ್ಚೋ ಅದು ಅವಳಿಗೆ. ಎರಡು ವೃತ್ತಿಯ ವಿದ್ಯೆಗಳೆಲ್ಲವೂ ಅವಳಿಗೆ. ಇದನ್ನು ಕೇಳಿ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮ ಮನೆಗಳಲ್ಲಿ ಎರಡು ಜನದ ಹೊರೆ ಒಬ್ಬಳ ಮೇಲೆ ಬಂದಾಗ ಎರಡು ಜನದ ಅಧಿಕಾರ ಯಾರಾದರೂ ಕೊಟ್ಟಿದ್ದುಂಟೆ? ಓರಗಿತ್ತಿಯ ಕೆಲಸ ನನಗೆ ಬಂತು. ಅವಳಿಗಿದ್ದ ಹಿರಿಯ ಸೊಸೆಯ ಮಾತಿನ ತೂಕ ಬಂತೆ? ಬೀರುವಿನ ಬೀಗದ ಕೈ ಬಂತೆ? ಹೊರೆಯನ್ನು ಕೂಡಿಸಿ ಬಲವನ್ನು ಕೂಡಿಸದಿದ್ದರೆ ಅದು ನಿಯಮ ಬದಲಾಯಿಸಿದ್ದಲ್ಲ, ಒಬ್ಬರನ್ನು ಬಳಸಿಕೊಂಡದ್ದು.

ಆದರೆ ಬಲ ಕೊಟ್ಟರೂ ಸಾಲದು ಎಂದ ಮೊಮ್ಮಗ. ಎಷ್ಟೇ ಬಲವಂತಳಾದರೂ ಒಂದು ಸುತ್ತಿನಲ್ಲಿ ಅವಳಿಗೆ ಇರುವುದು ಒಂದೇ ಸರದಿ. ಎದುರಿನ ಆರು ಜನಕ್ಕೆ ಆರು ಸರದಿ. ಅವನ ಪುಸ್ತಕದಲ್ಲಿ ಇದಕ್ಕೆ ಲೆಕ್ಕವೇ ಇದೆ. ಶತ್ರು ಒಬ್ಬನಾದರೆ ಅವನ ತೂಕ ಅಷ್ಟೇ, ಇಬ್ಬರಾದರೆ ಒಟ್ಟು ತೂಕದ ಒಂದೂವರೆ ಪಟ್ಟು, ಮೂರರಿಂದ ಆರಾದರೆ ಎರಡು ಪಟ್ಟು ಎಂದು ಹಿಡಿಯಬೇಕು. ನಮ್ಮ ಕಡೆ ಆಡುವವರು ಮೂವರಿಗಿಂತ ಕಡಿಮೆಯಿದ್ದರೆ ಆ ಎರಡು ಪಟ್ಟು ಎರಡೂವರೆ ಆಗುತ್ತದೆ. ಅಂದರೆ ಕಷ್ಟಗಳು ಒಂದೊಂದಾಗಿ ಬಂದರೆ ಒಂದು ತೂಕ, ಒಟ್ಟಿಗೆ ಬಂದರೆ ಇನ್ನೊಂದು ತೂಕ, ಎದುರಿಸುವ ಕೈ ಕಡಿಮೆಯಿದ್ದರೆ ಮತ್ತೂ ಒಂದು ತೂಕ. ಎಷ್ಟೇ ಚುರುಕಿನ ಹೆಂಗಸಾದರೂ ಒಲೆಯ ಮೇಲೆ ಹಾಲು ಉಕ್ಕುವಾಗ, ಬಾಗಿಲು ಬಡಿಯುವಾಗ, ಒಳಗಿನಿಂದ ಹಿರಿಯರು ಕರೆಯುವಾಗ ಅವಳಿಗೂ ಒಂದೇ ಸರದಿ. "ಅವಳು ಬಿಡಿ, ಹತ್ತು ಜನರ ಕೆಲಸ ಮಾಡ್ತಾಳೆ" ಎಂದು ನಾವು ಹೊಗಳುತ್ತೇವಲ್ಲ, ಆ ಹೊಗಳಿಕೆಯಲ್ಲಿ ಈ ಲೆಕ್ಕ ಇಲ್ಲ.

ನನಗೆ ಆ ಲೆಕ್ಕ ಗೊತ್ತಾದದ್ದು 2001ರ ನವರಾತ್ರಿಯ ಐದನೆಯ ದಿನ. ಅತ್ತೆ ಹಾಸಿಗೆ ಹಿಡಿದು ಒಂದೂವರೆ ವರ್ಷವಾಗಿತ್ತು. ಇವರು ಆಫೀಸಿಗೆ ಹೋಗಿದ್ದರು, ಮಗ ಕಾಲೇಜಿಗೆ. ಒಲೆಯ ಮೇಲೆ ನೈವೇದ್ಯದ ಪಾಯಸ. ಅತ್ತೆಯನ್ನು ಬಚ್ಚಲುಮನೆಯಿಂದ ಎಬ್ಬಿಸಿ ತರುವಾಗ ನನ್ನ ಸೊಂಟದಲ್ಲಿ ಏನೋ ಚಳಕ್ ಎಂದಿತು. ಇಬ್ಬರೂ ಬಿದ್ದೆವು. ಅವರಿಗೆ ಏಳಲಾಗದು, ನನಗೂ ಏಳಲಾಗದು. ಮುಂಬಾಗಿಲಿಗೆ ಒಳಗಿನಿಂದ ಚಿಲಕ. ಪಾಯಸ ಸೀಯುವ ವಾಸನೆ ಬರತೊಡಗಿತು. ಒಂದು ಗಂಟೆಯ ಮೇಲೆ ಹಾಗೇ ಬಿದ್ದಿದ್ದೆವು, ಒದ್ದೆ ನೆಲದ ಮೇಲೆ, ಮುಖಕ್ಕೆ ಮುಖ ಕೊಟ್ಟು. ನಾನು ಅಳುತ್ತಿದ್ದೆ. ನೋವಿಗಲ್ಲ, ಪಾಯಸ ಸೀದುಹೋಯಿತಲ್ಲ, ನೈವೇದ್ಯಕ್ಕೆ ಏನು ಮಾಡಲಿ ಎಂದು. ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ. ಆಗ ಅತ್ತೆ ನನ್ನ ಕೆನ್ನೆಯ ಮೇಲೆ ಒದ್ದೆ ಕೈಯಿಟ್ಟು, "ಅದನ್ನೆಲ್ಲ ಮಾಡಿಟ್ಟಾಗ ಮನೆ ತುಂಬ ಜನ ಇದ್ರು ಕಣೇ" ಎಂದರು.

ಹೂವಿನವಳು ಬಂದು ಕೂಗಿ, ಉತ್ತರ ಬಾರದೆ, ಸೀದ ವಾಸನೆ ಹಿಡಿದು ಪಕ್ಕದ ಮನೆಯವರನ್ನು ಕರೆದುಕೊಂಡು ಹಿತ್ತಿಲ ಬಾಗಿಲಿನಿಂದ ಬಂದಳು. ನಮ್ಮ ಮಡಿಯ ಅಡುಗೆಮನೆಗೆ ಕಾಲಿಡಬಾರದೆಂದು ಇಪ್ಪತ್ತು ವರ್ಷ ಹೊಸ್ತಿಲಾಚೆಯೇ ಹೂವು ಇಟ್ಟುಹೋಗುತ್ತಿದ್ದವಳು ಅವಳು. ಅಡುಗೆಮನೆ ದಾಟಿಕೊಂಡೇ ಬಂದು ಒಲೆ ಆರಿಸಿ ನಮ್ಮಿಬ್ಬರನ್ನೂ ಎತ್ತಿದಳು.

ಆ ಸಂಜೆ ಅತ್ತೆ ಫೋನು ತರಿಸಿಕೊಂಡರು. ಮೈದುನನಿಗೆ, ಇಬ್ಬರು ಹೆಣ್ಣುಮಕ್ಕಳಿಗೆ ತಾವೇ ಮಾತಾಡಿದರು. ನವರಾತ್ರಿ ಇನ್ನು ಮೇಲೆ ಸರಸ್ವತಿ ಪೂಜೆಯ ಒಂದು ದಿನ, ಉಳಿದ ದಿನ ದೀಪ ಮತ್ತು ಹಾಲು. ಅಷ್ಟಮಿಯ ಚಕ್ಲಿ ಅಂಗಡಿಯದು. ಮಡಿ ತಾವಿರುವವರೆಗೆ ತಮಗೆ ಮಾತ್ರ, ಅದನ್ನು ಬಡಿಸುವವಳಿಗಲ್ಲ. ವರ್ಷದಲ್ಲಿ ಎರಡು ತಿಂಗಳು ಹಿರಿಯ ಸೊಸೆ ಬಂದು ನೋಡಿಕೊಳ್ಳಬೇಕು, ಒಂದೊಂದು ತಿಂಗಳು ಹೆಣ್ಣುಮಕ್ಕಳು. ಎಲ್ಲರೂ ಒಪ್ಪಿದರೆಂದು ಹೇಳಲಾರೆ, ಒಬ್ಬ ನಾದಿನಿ ಬಹಳ ದಿನ ಮಾತು ಬಿಟ್ಟಳು. ಆದರೆ ನಿಯಮ ಬದಲಾಗಿದೆ ಎಂಬುದು ಎಲ್ಲರಿಗೂ ತಿಳಿಯಿತು. ಅತ್ತೆ ಆಮೇಲೆ ಎರಡು ವರ್ಷ ಬದುಕಿದ್ದರು. ಅವರ ಜೊತೆ ನಾನು ಕಳ್ಳಿಯಲ್ಲದೆ ಬದುಕಿದ್ದು ಆ ಎರಡೇ ವರ್ಷ.

ಆಟದ ಪುಸ್ತಕದ ಮೂರನೆಯ ಉತ್ತರ ಸಹಾಯಕರು. 1974ರ ಪುಸ್ತಕದಲ್ಲೇ ಆಳುಗಳನ್ನು ಗೊತ್ತುಮಾಡಿಕೊಳ್ಳುವ ಮಾತಿದೆ. ನಿಮ್ಮ ವ್ಯಕ್ತಿತ್ವಕ್ಕೆ ಎಷ್ಟು ಆಕರ್ಷಣೆಯಿದೆಯೋ ಅಷ್ಟು ಜನ ನಿಮ್ಮ ಜೊತೆ ಬರುತ್ತಾರೆ. ಮೊಮ್ಮಗನ ಪೆಟ್ಟಿಗೆ 2019ರಲ್ಲಿ ಬಂದದ್ದು. ಅದರಲ್ಲಿ ಒಬ್ಬರೇ ಆಡುವವರಿದ್ದರೂ ಆಗುವಂತೆ 'ಸೈಡ್‌ಕಿಕ್' ಎಂಬ ಜೊತೆಗಾರರನ್ನು ಮಾಡಿದ್ದಾರೆ. ಕಾದುವವರು, ಕುಶಲಿಗಳು, ಮಂತ್ರದವರು ಎಂದು ಮೂರೇ ಬಗೆ. ನಿಯಮ ಸರಳ, ನಡೆಸುವುದು ಸುಲಭ. ನನಗೆ ಹಿಡಿಸಿದ ಸಂಗತಿ ಏನೆಂದರೆ, ನೀವು ಬೆಳೆದಂತೆ ಜೊತೆಗಾರರೂ ಬೆಳೆಯುತ್ತಾರೆ. ಅವರನ್ನು ಇದ್ದಲ್ಲೇ ಬಿಟ್ಟು ನೀವು ಮುಂದೆ ಹೋಗುವಂತಿಲ್ಲ.

ಇದು ನನ್ನನ್ನು ಚುಚ್ಚಿತು ಕೂಡ. ಬಿದ್ದ ಮೇಲೆ ನಮ್ಮ ಮನೆಗೂ ಒಬ್ಬ ಸಹಾಯಕಿ ಬಂದಳು, ಬೆಳಿಗ್ಗೆ ಎಂಟರಿಂದ ಸಂಜೆ ಐದು. ನನ್ನ ಸೊಂಟ ಉಳಿಯಿತು. ಅವಳ ಮನೆಯಲ್ಲಿ ಅವಳ ಅತ್ತೆಯನ್ನು ಯಾರು ಎತ್ತುತ್ತಿದ್ದರು? ನಾನು ಕೇಳಲಿಲ್ಲ. ಕೇಳಿದ್ದು ಅವಳು ನಾಲ್ಕು ದಿನ ಬಾರದೆ ಇದ್ದಾಗ, ಅದೂ ಸಿಟ್ಟಿನಲ್ಲಿ. ನಮ್ಮ ಕೈ ಕಡಿಮೆಯಾದದ್ದನ್ನು ಇನ್ನೊಬ್ಬಳ ಕೈಯಿಂದ ತುಂಬಿಸಿಕೊಂಡಾಗ ಕೊರತೆ ಇಲ್ಲವಾಗುವುದಿಲ್ಲ, ಒಂದು ಬೀದಿ ಆಚೆಗೆ ಹೋಗುತ್ತದೆ. ಈ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಸಂಬಳ, ರಜೆ, ಅವಳ ಸರದಿಯೂ ಸರದಿಯೆಂಬ ಗೌರವ, ಇಷ್ಟಾದರೂ ಇಲ್ಲದೆ ಸಹಾಯಕರನ್ನು ಇಟ್ಟುಕೊಳ್ಳಬಾರದು ಎಂದು ಮಾತ್ರ ತಡವಾಗಿ ಕಲಿತೆ.

ನಾಲ್ಕನೆಯ ಉತ್ತರ ಪ್ರಪಂಚವನ್ನೇ ಹಗುರ ಮಾಡುವುದು. ಆರು ರಾಕ್ಷಸರ ಬದಲು ಮೂರು. ಮೊಮ್ಮಗ "ಎರಡೇ ಮಾಡಲಾ? ಒಂದು?" ಎಂದ. ಪುಟ್ಟಿ ಒಪ್ಪಲಿಲ್ಲ. "ಒಂದಾದ್ರೆ ನಾವು ಗೆದ್ದೇ ಗೆಲ್ತೀವಿ. ಅದು ಆಟನೇ ಅಲ್ಲ." ನಿಯಮವನ್ನು ಎಷ್ಟರವರೆಗೆ ಸಡಿಲಿಸಬಹುದು ಎಂಬ ಪ್ರಶ್ನೆಗೆ ಇದಕ್ಕಿಂತ ಚೆನ್ನಾದ ಅಳತೆಗೋಲು ನನಗೆ ಇದುವರೆಗೆ ಸಿಕ್ಕಿಲ್ಲ. ಸೋಲಲು ಸಾಧ್ಯವಿರುವವರೆಗೆ ಅದು ಆಟ. ಹಬ್ಬಕ್ಕೂ ಅಂಥದೇ ಒಂದು ಅಳತೆ ಇರಬೇಕು. ಒಂಬತ್ತು ನೈವೇದ್ಯ ಹೋದರೂ ನವರಾತ್ರಿ ನವರಾತ್ರಿಯೇ. ಆದರೆ ದೀಪ ಹಚ್ಚುವ ಮನಸ್ಸೂ ಹೋದರೆ ಅದು ಬರೀ ರಜೆ. ಯಾವುದನ್ನು ತೆಗೆದರೂ ಉಳಿಯುವುದು ಯಾವುದು ಎಂದು ಕೇಳಿಕೊಳ್ಳುವ ಕೆಲಸ ಕಷ್ಟದ್ದು. ಅದಕ್ಕೇ ನಾವು ಕೇಳಿಕೊಳ್ಳುವುದಿಲ್ಲ, ಎಲ್ಲವನ್ನೂ ಇಟ್ಟುಕೊಂಡು ಒಬ್ಬರ ತಲೆಯ ಮೇಲೆ ಹೊರಿಸುತ್ತೇವೆ.

ಕೊನೆಗೆ ಮೂವರೂ ಸೇರಿ ಒಂದು ಹಾಳೆಯ ಮೇಲೆ ಬರೆದೆವು. ರಾಕ್ಷಸರು ಮೂರು, ಆದರೆ ಅವರ ಬಲ ಕಡಿಮೆ ಮಾಡುವಂತಿಲ್ಲ. ನಮ್ಮಿಬ್ಬರಿಗೆ ಒಬ್ಬಳು ಜೊತೆಗಾತಿ, ಕುರಿ ಕಾಯುವವಳು, ಬಿದ್ದವರನ್ನು ಎತ್ತಬಲ್ಲವಳು. ಕುರಿ ಸಿಕ್ಕರೆ ಅವಳಿಗೂ ಪಾಲು. ಅಡ್ಡತೆರೆ ಇಲ್ಲ, ದಾಳ ಎಲ್ಲರ ಕಣ್ಣೆದುರು. ಪುಟ್ಟಿ ಕೆಳಗೆ ಮೂವರ ಹೆಸರೂ ಬರೆಸಿದಳು. ಆವತ್ತು ಗುಹೆಯಲ್ಲಿ ದುಗ್ಗಮ್ಮ ಮತ್ತೆ ಬಿದ್ದಳು. ಕುರಿಗಾಹಿ ಹುಡುಗಿ ಓಡಿ ಬಂದು ಎತ್ತಿದಳು. ಕುರಿ ಹನ್ನೊಂದರಲ್ಲಿ ಏಳು ಸಿಕ್ಕವು.

ರಜೆ ಮುಗಿದು ಮಕ್ಕಳು ಹೋದ ಮೇಲೆ ನನಗೊಂದು ಹಳೆಯ ಮಾತು ನೆನಪಾಗಿ ಕಸಿವಿಸಿಯಾಯಿತು. ಪ್ರತಿ ಹಬ್ಬಕ್ಕೂ ನಾನು ಬೆಂಗಳೂರಿಗೆ ಫೋನು ಮಾಡಿ ಸೊಸೆಗೆ, "ನಿನ್ನ ಕೈಲಿ ಆದಷ್ಟು ಮಾಡಮ್ಮ, ನಾನೇನೂ ಅನ್ನೋದಿಲ್ಲ" ಎನ್ನುತ್ತೇನೆ. ಅವಳು ಕೆಲಸಕ್ಕೆ ಹೋಗುವವಳು, ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ನಾನು ಒಳ್ಳೆಯ ಅತ್ತೆ ಎಂದೇ ತಿಳಿದಿದ್ದೆ. ದೀಪಾವಳಿಗೆ ಮೊದಲು ಫೋನು ಮಾಡಿ ನೇರವಾಗಿ ಕೇಳಿದೆ, ನನ್ನ ಆ ಮಾತು ಅವಳಿಗೆ ಹೇಗೆ ಕೇಳಿಸುತ್ತದೆ ಎಂದು.

ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅವಳು ನಕ್ಕಳು. "ಅತ್ತೆ, ಬೇಜಾರು ಮಾಡ್ಕೋಬೇಡಿ. ನೀವು ಹಾಗಂದಾಗಲೇ ನನಗೆ ಜಾಸ್ತಿ ಭಯ. ಎಷ್ಟು ಮಾಡಿದ್ರೆ 'ಆದಷ್ಟು' ಆಗುತ್ತೆ ಅಂತ ಗೊತ್ತಾಗೋದೇ ಇಲ್ಲ."

"ಹಾಗಾದರೆ ಒಂದು ಹಾಳೆ ತಗೋ" ಎಂದೆ. "ನಿನ್ನ ಗಂಡನನ್ನೂ ಕರಿ. ಮೂವರೂ ಕೂತು ಬರೆಯೋಣ."